ಘಟ್ಟ ಹತ್ತಿ ಇಳಿಯುವ ಕಾರಿಗೆ ಮೈಲೇಜ್: ಶಿರಸಿ–ಕುಮಟಾ, ಅರಬೈಲ್, ಹೆದ್ದಾರಿ 66 (ಚರ್ಚಾಕೂಟದ ಮಾತುಕತೆ; ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು)

ಕಡಲತಡಿ ಕುಮಟಾ

1.2 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರಿನ ಮ್ಯಾನುವಲ್ ಹ್ಯಾಚ್‌ಬ್ಯಾಕ್. ಓಡಾಟ ಹೆಚ್ಚಾಗಿ ಕುಮಟಾ–ಶಿರಸಿ, ನಡುನಡುವೆ ಕಾರವಾರ. ಕಂಪನಿಯವರು ಹೇಳೋದು ಲೀಟರಿಗೆ 22 ಕಿ.ಮೀ., ಘಟ್ಟ ಹತ್ತಿದ ದಿನ ಸಿಗೋದು ಹದಿನಾರರ ಆಸುಪಾಸು. ಸರ್ವಿಸ್ ಎಲ್ಲ ಸರಿಯಾಗಿಯೇ ಆಗಿದೆ. ಕೇಳಬೇಕಿರೋದು ಇಷ್ಟು: ಈ ದಾರಿಗೆ ಹದಿನಾರು ಕಮ್ಮಿಯೋ, ಸರಿಯೋ? ಈ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಉಳಿತಾಯ ಆಗುತ್ತೆ ಅಂತಾರೆ, ನಿಜವೋ? ಹತ್ತುವಾಗ ಯಾವ ಗೇರಲ್ಲಿ, ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿಸಬೇಕು?

ಘಟ್ಟದ ಗೇರ್

ಮೊದಲು ಲೆಕ್ಕ ಹಾಕಿ ನೋಡೋಣ, ಆಮೇಲೆ ಕಾಲಿನ ಮಾತು.

ಗಾಡಿ, ಇಬ್ಬರು ಜನ, ಒಂದಿಷ್ಟು ಸಾಮಾನು ಸೇರಿ 1100 ಕಿಲೋ ಅನ್ನಿ. ಕುಮಟಾ ಸಮುದ್ರಮಟ್ಟದಲ್ಲಿ, ಶಿರಸಿ ಹೆಚ್ಚುಕಮ್ಮಿ 600 ಮೀಟರ್ ಮೇಲೆ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 6.5 ಮೆಗಾಜೂಲ್. ಈಗ ಬಂಕಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ 30 ಮೆಗಾಜೂಲ್ ಇದೆ, ಅದರಲ್ಲಿ ಎಂಜಿನ್ ಕೆಲಸಕ್ಕೆ ತರೋದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಬರೀ ಎತ್ತರ ಏರುವುದಕ್ಕೇ ಮುಕ್ಕಾಲು ಲೀಟರ್ ಬೇಕು. ಎಷ್ಟೇ ನಾಜೂಕಾಗಿ ಓಡಿಸಿದರೂ ಇದು ಬಿಡುವುದಿಲ್ಲ.

ಸಪಾಟು ರಸ್ತೆಯಲ್ಲಿ 20 ಕೊಡುವ ಗಾಡಿಗೆ ಕುಮಟಾ–ಶಿರಸಿಯ 60 ಕಿ.ಮೀ.ಗೆ 3 ಲೀಟರ್. ಅದಕ್ಕೆ ಈ ಮುಕ್ಕಾಲು ಸೇರಿಸಿದರೆ 3.75. ಭಾಗಿಸಿ ನೋಡಿ, 16 ಬರುತ್ತೆ. ಹಾಗಾಗಿ ನಿಮ್ಮ ಗಾಡಿಗೆ ರೋಗ ಇಲ್ಲ. ಇಳಿಯುವಾಗ ಹೆಚ್ಚುಕಮ್ಮಿ 12 ಕಿ.ಮೀ. ಕಡಿದಾದ ಇಳಿಜಾರು ಎಣ್ಣೆ ಕುಡಿಯದೇ ಸಾಗುತ್ತೆ, ಉಳಿದ 48 ಕಿ.ಮೀ.ಗೆ 2.4 ಲೀಟರ್, ಅಂದರೆ ಲೀಟರಿಗೆ 25. ಹೋಗಿ ಬಂದ ಒಟ್ಟು 120 ಕಿ.ಮೀ.ಗೆ 6.15 ಲೀಟರ್, ಹತ್ತೊಂಬತ್ತೂವರೆ. ಹದಿನಾರನ್ನೂ ಇಪ್ಪತ್ತೈದನ್ನೂ ಕೂಡಿಸಿ ಎರಡರಿಂದ ಭಾಗಿಸಿ ಇಪ್ಪತ್ತೂವರೆ ಅನ್ನಬೇಡಿ. ಕೂಡಿಸಬೇಕಾದದ್ದು ಲೀಟರನ್ನು, ಮೈಲೇಜನ್ನಲ್ಲ.

ಹತ್ತುವಾಗ ಕೊಟ್ಟ ಮುಕ್ಕಾಲು ಲೀಟರ್ ಇಳಿಯುವಾಗ ಪೂರ್ತಿ ವಾಪಸ್ ಬರೋದಿಲ್ಲ. ನೂರು ಮೀಟರಿಗೆ ನಾಲ್ಕು ಮೀಟರ್ ಇಳಿಯುವ ಜಾಗದಲ್ಲಿ ಇಳಿಜಾರು ಗಾಡಿಯನ್ನು 430 ನ್ಯೂಟನ್ ಬಲದಿಂದ ಎಳೆಯುತ್ತೆ. 40ರ ವೇಗದಲ್ಲಿ ಟಯರು ಮತ್ತು ಗಾಳಿಯ ತಡೆಗೆ ಬೇಕಾದದ್ದು 160 ಅಷ್ಟೇ. ಮಿಕ್ಕ 270 ಬ್ರೇಕಲ್ಲೋ ಎಂಜಿನ್ನಿನ ತಡೆಯಲ್ಲೋ ಕರಗಿಹೋಗುತ್ತೆ. ಮೈಲೇಜಿನ ಇಡೀ ವಿಷಯ ಇರೋದೇ ಇಲ್ಲಿ: ಬ್ರೇಕ್ ಒತ್ತಿದಾಗೆಲ್ಲ, ಮೊದಲೇ ಸುಟ್ಟ ಪೆಟ್ರೋಲು ಶಾಖವಾಗಿ ಗಾಳಿಗೆ ಹೋಗುತ್ತೆ. ಎಕ್ಸಿಲರೇಟರ್ ಮೇಲಿನ ಕಾಲಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಮೊದಲು ನೋಡೋದು ಬ್ರೇಕ್ ಮೇಲಿನ ಕಾಲನ್ನು.

ಕೈಗಾ ರೋಡ್

ಲೆಕ್ಕ ಒಪ್ಪಿದೆ. ಆದರೆ ನ್ಯೂಟ್ರಲ್ ಮಾಡಿದರೆ ಎಂಜಿನ್ 800 ಆರ್‌ಪಿಎಂಗೆ ಇಳಿಯುತ್ತೆ, ಗೇರಲ್ಲಿದ್ದರೆ 2500ರಲ್ಲಿ ತಿರುಗುತ್ತೆ. ಕಮ್ಮಿ ತಿರುಗಿದರೆ ಕಮ್ಮಿ ಎಣ್ಣೆ ತಾನೇ? ಬಾಡಿಗೆ ಗಾಡಿಯ ಹಳೇ ಡ್ರೈವರುಗಳೆಲ್ಲ ಹಾಗೇ ಇಳಿಸುತ್ತಿದ್ದರು.

ಘಟ್ಟದ ಗೇರ್

ಕಾರ್ಬುರೇಟರ್ ಕಾಲಕ್ಕೆ ಆ ಮಾತು ಸರಿ. ಕಾರ್ಬುರೇಟರಿನಲ್ಲಿ ಎಂಜಿನ್ ಎಳೆದುಕೊಂಡಷ್ಟೂ ಪೆಟ್ರೋಲು ಹೋಗುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಹಾಗಿಲ್ಲ. ಗೇರಲ್ಲಿದ್ದು, ಎಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದಿದ್ದು, ಎಂಜಿನ್ ಬಿಸಿಯಾಗಿದ್ದು, ಆರ್‌ಪಿಎಂ 1200–1500ಕ್ಕಿಂತ ಮೇಲಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರನ್ನು ಪೂರ್ತಿ ಬಂದ್ ಮಾಡುತ್ತೆ. ಎಂಜಿನ್ನನ್ನು ತಿರುಗಿಸುತ್ತಿರೋದು ಚಕ್ರ, ಪೆಟ್ರೋಲಲ್ಲ. ಹನಿ ಕೂಡ ಹೋಗಲ್ಲ.

ನ್ಯೂಟ್ರಲ್ ಮಾಡಿದ ತಕ್ಷಣ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತೆ. ಆಗ ಅದು ಆಫ್ ಆಗದಂತೆ ಇಸಿಯು ಪೆಟ್ರೋಲ್ ಕೊಡಲೇಬೇಕು. ಈ ಅಳತೆಯ ಎಂಜಿನ್ ಐಡ್ಲಿಂಗಲ್ಲಿ ಗಂಟೆಗೆ 0.7 ಲೀಟರ್ ಆಸುಪಾಸು ಕುಡಿಯುತ್ತೆ, ಎಸಿ ಹಾಕಿದರೆ ಒಂದು ಲೀಟರಿನ ಹತ್ತಿರ. 12 ಕಿ.ಮೀ. ಘಟ್ಟವನ್ನು 35ರ ವೇಗದಲ್ಲಿ ಇಳಿಯಲು ಇಪ್ಪತ್ತು ನಿಮಿಷ ಬೇಕು. ನ್ಯೂಟ್ರಲ್‌ನಲ್ಲಿ ಸುಮಾರು 230 ಎಂ.ಎಲ್. ಖರ್ಚು, ಗೇರಲ್ಲಿ ಸೊನ್ನೆ. ಉಳಿತಾಯದ ಹೆಸರಲ್ಲಿ ಕಾಲು ಲೀಟರ್ ಹೋಯ್ತು.

ನಂಬಿಕೆ ಬರದಿದ್ದರೆ ಡ್ಯಾಶ್‌ಬೋರ್ಡಿನ ಕ್ಷಣಕ್ಷಣದ ಮೈಲೇಜ್ ಮೀಟರ್ ನೋಡಿ. ಗೇರಲ್ಲಿ ಕಾಲು ತೆಗೆದಾಗ ಸೂಚಿ ಕೊನೆಯ ಅಂಕೆಗೆ ಹೋಗಿ ಅಲ್ಲೇ ನಿಲ್ಲುತ್ತೆ, ಕೆಲವು ಗಾಡಿಯಲ್ಲಿ ಅಂಕೆ ಹೋಗಿ ಗೆರೆ ಬರುತ್ತೆ. ಆ ಮೀಟರ್ ಇಲ್ಲದ ಗಾಡಿಗೆ ಸ್ಟೇರಿಂಗ್ ಕೆಳಗಿನ ಒಬಿಡಿ (ಇಸಿಯುವಿನ ಮಾಹಿತಿ ಓದುವ) ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಸಾಕು, ಮೊಬೈಲಲ್ಲಿ ಎಲ್ಲ ಕಾಣುತ್ತೆ. ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು.

ಸ್ಪ್ಯಾನರ್ ಹೊನ್ನಾವರ

ಎಣ್ಣೆಯ ಮಾತು ಬಿಡಿ, ನ್ಯೂಟ್ರಲ್ ಇಳಿಸೋದು ಜೀವಕ್ಕೆ ಕುತ್ತು. ಮೇಲಿನ ಲೆಕ್ಕದ ಆ 270 ನ್ಯೂಟನ್ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತೆ. ಘಟ್ಟದ ಬುಡ ಮುಟ್ಟುವಷ್ಟರಲ್ಲಿ ಡಿಸ್ಕು–ಡ್ರಮ್ಮಿಗೆ ಸೇರುವ ಶಾಖದಲ್ಲಿ ಹತ್ತು ಲೀಟರ್ ತಣ್ಣೀರು ಕುದಿ ಬರುತ್ತೆ. ಬಿಸಿ ಪ್ಯಾಡಿನಿಂದ ಅದನ್ನು ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಹೋಗುತ್ತೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋದು 205 ಡಿಗ್ರಿಗೆ, ನೀರು ಹೀರಿಕೊಂಡ ಮೇಲೆ 140ಕ್ಕೇ ಕುದಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಕರಾವಳಿಯ ತೇವಕ್ಕೆ ಆಯಿಲ್ ಬೇಗ ನೀರು ಎಳೆಯುತ್ತೆ. ಕುದ್ದರೆ ಪೈಪಲ್ಲಿ ಆವಿಯ ಗುಳ್ಳೆ, ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಬಣ್ಣ ಚೆನ್ನಾಗಿ ಕಂಡರೂ ಬದಲಿಸಿ.

ಇನ್ನು ಕೀ ಆಫ್ ಮಾಡಿ ಇಳಿಸುವವರು ಇದ್ದಾರೆ. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನಲ್ಲಿ ಎರಡು–ಮೂರು ಸಲ ಒತ್ತುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೇರಿಂಗ್ ಹೋಯ್ತು. ಕೀ ಇನ್ನೊಂದು ಹಂತ ಹಿಂದೆ ತಿರುಗಿದರೆ ಸ್ಟೇರಿಂಗೇ ಲಾಕ್. ಯಾರ ಮಾತು ಕೇಳಿಯೂ ಇದನ್ನು ಮಾಡಬೇಡಿ.

ಕೈಗಾ ರೋಡ್

ಒಪ್ಪಿದೆ, ನ್ಯೂಟ್ರಲ್ ಬಿಟ್ಟೆ. ಆದರೆ ಶಿರಸಿಯಿಂದ ಘಟ್ಟದ ತಲೆಯವರೆಗಿನ ಏರಿಳಿತದ ರಸ್ತೆ ಇದೆಯಲ್ಲ, ಅಲ್ಲಿ ಗೇರಲ್ಲಿ ಕಾಲು ತೆಗೆದರೆ ಗಾಡಿ ನಿಂತೇ ಹೋದ ಹಾಗಾಗುತ್ತೆ. ಮತ್ತೆ ಒತ್ತಬೇಕು. ಅಲ್ಲಿ ಏನು ಮಾಡೋದು?

ಘಟ್ಟದ ಗೇರ್

ಒಳ್ಳೇ ಪ್ರಶ್ನೆ. ಸಣ್ಣ ಇಳಿಜಾರಲ್ಲಿ ಕಾಲು ಪೂರ್ತಿ ತೆಗೆಯಬಾರದು. ಐದನೇ ಗೇರಲ್ಲಿ, ಕಾಲನ್ನು ಪೆಡಲಿನ ಮೇಲೆ ಹಗುರವಾಗಿ ಇಟ್ಟು ವೇಗ ಕಾಯ್ದುಕೊಳ್ಳಿ. ಎಂಜಿನ್ ಬ್ರೇಕಿಂಗ್ ಬೇಕಾಗಿರೋದು ವೇಗ ಇಳಿಸಬೇಕಾದಲ್ಲಿ ಮಾತ್ರ. ಬೇಡದ ಕಡೆ ಇಳಿಸಿ ಮತ್ತೆ ಏರಿಸಿದರೆ ಅದೂ ನಷ್ಟವೇ. ಮುಂದೆ ಏರು ಕಾಣುತ್ತಿದ್ದರೆ ಇಳಿಜಾರಿನ ಕೊನೆಯಲ್ಲಿ ಐದಾರು ಕಿ.ಮೀ. ವೇಗ ಹೆಚ್ಚಲು ಬಿಡಿ, ಅದೇ ಏರನ್ನು ಅರ್ಧ ಹತ್ತಿಸುತ್ತೆ. ಏರಿನಲ್ಲಿ ವೇಗ ಸ್ವಲ್ಪ ಬಿದ್ದರೆ ಬೀಳಲಿ, ನೆತ್ತಿ ತಲುಪುವಷ್ಟರಲ್ಲಿ 60 ಇದ್ದದ್ದು 52 ಆದರೆ ಏನೂ ಕೊಳ್ಳೆ ಹೋಗಲ್ಲ.

ಇನ್ನು ಹತ್ತುವ ಗೇರು. ಇಲ್ಲಿ ಎರಡು ತಪ್ಪು ನಡೆಯುತ್ತೆ. ಒಂದು, ಮೈಲೇಜ್ ಆಸೆಗೆ ನಾಲ್ಕನೇ ಗೇರಲ್ಲಿ 1300 ಆರ್‌ಪಿಎಂಗೆ ಎಳೆಸೋದು. ಗಾಡಿ ನಡುಗುತ್ತೆ, ಏರಿನಲ್ಲಿ ಒದ್ದಾಡುತ್ತೆ, ಕಾಲು ತಾನಾಗಿ ಪೂರ್ತಿ ಒತ್ತುತ್ತೆ. ಪೆಡಲ್ ನೆಲ ಮುಟ್ಟಿದ ಕೂಡಲೇ ಪೆಟ್ರೋಲ್ ಗಾಡಿಯ ಇಸಿಯು ಎಂಜಿನ್ ಕಾಯಲು ಮಿಶ್ರಣ ದಪ್ಪ ಮಾಡುತ್ತೆ. ಜೊತೆಗೆ ನಾಕಿಂಗ್ (ಎಂಜಿನ್ನಿನ ಒಳಬಡಿತ) ಗುರುತಿಸುವ ಸೆನ್ಸರ್ ಸ್ಪಾರ್ಕನ್ನು ತಡಮಾಡಿಸುತ್ತೆ. ಎರಡೂ ಮೈಲೇಜ್ ತಿನ್ನುತ್ತೆ. ಇನ್ನೊಂದು, ಎರಡನೇ ಗೇರಲ್ಲಿ 4000ಕ್ಕೆ ಕಿರುಚಿಸೋದು. ಆಗ ಶಕ್ತಿಯ ದೊಡ್ಡ ಪಾಲು ಎಂಜಿನ್ನಿನ ಸ್ವಂತ ಘರ್ಷಣೆಗೇ ಹೋಗುತ್ತೆ.

ನಾಲ್ಕು ಸಿಲಿಂಡರಿನ 1.2ಕ್ಕೆ ಏರಿನಲ್ಲಿ 2000ದಿಂದ 2800, ಪೆಡಲ್ ಮುಕ್ಕಾಲರವರೆಗೆ. ನೇರ ಏರಿಗೆ ಮೂರನೇ ಗೇರು, ಹೇರ್‌ಪಿನ್ ತಿರುವಿಗೆ ಎರಡನೇದು. ತಿರುವಿಗೆ ನುಗ್ಗಿ ಒಳಗೆ ಬ್ರೇಕ್ ಒತ್ತಿ ಗೇರ್ ಹುಡುಕಬಾರದು. ಮೂವತ್ತು ನಲವತ್ತು ಮೀಟರ್ ಮೊದಲೇ ಕಾಲು ತೆಗೆದರೆ ಏರೇ ಗಾಡಿಯನ್ನು ನಿಧಾನ ಮಾಡುತ್ತೆ, ಬ್ರೇಕ್ ಬೇಕೇ ಆಗಲ್ಲ. 20–25ಕ್ಕೆ ಬಂದಾಗ ಎರಡಕ್ಕೆ ಹಾಕಿ, ಸ್ಟೇರಿಂಗ್ ನೇರ ಆಗುತ್ತಾ ಬಂದ ಹಾಗೆ ಪೆಡಲ್ ಒತ್ತುತ್ತಾ ಬನ್ನಿ. ರಸ್ತೆ ಇಕ್ಕಟ್ಟಾದಲ್ಲಿ ಹತ್ತುವ ಗಾಡಿಗೇ ದಾರಿ ಬಿಡಬೇಕು ಅನ್ನೋದು ಸಂಚಾರದ ನಿಯಮ. ಇಳಿಯುವವರು ಅದನ್ನು ಪಾಲಿಸಿದರೆ ಎಷ್ಟೋ ಕ್ಲಚ್ ಪ್ಲೇಟು ಉಳಿಯುತ್ತೆ.

ಇಳಿಯುವಾಗ ಹತ್ತಿದ ಗೇರೇ, ಇಲ್ಲವೇ ಒಂದು ಕಮ್ಮಿ. ಬ್ರೇಕನ್ನು ಸವರುತ್ತಾ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ, ಬಿಟ್ಟುಬಿಡಿ, ತಣ್ಣಗಾಗಲು ಸಮಯ ಕೊಡಿ.

ಯಲ್ಲಾಪುರ ಡೀಸೆಲ್

ಡೀಸೆಲ್ ಟರ್ಬೋ ಗಾಡಿಗೆ ಆರ್‌ಪಿಎಂ ಸ್ವಲ್ಪ ಕೆಳಗೆ. 1600–2200 ಇಟ್ಟುಕೊಂಡರೆ ಯಲ್ಲಾಪುರ–ಅಂಕೋಲಾ ದಾರಿಯ ಅರಬೈಲ್ ಘಟ್ಟವನ್ನು ಸುಲಭವಾಗಿ ಹತ್ತುತ್ತೆ. 1400ಕ್ಕಿಂತ ಕೆಳಗೆ ಟರ್ಬೋ ಒತ್ತಡ ಬರಲ್ಲ, ಹೊಗೆ ಬರುತ್ತೆ. ಹತ್ತಿ ಮುಗಿಸಿ ಅಲ್ಲೇ ಚಹಾಕ್ಕೆ ನಿಲ್ಲಿಸುವವರು ಅರ್ಧ–ಒಂದು ನಿಮಿಷ ಐಡ್ಲಿಂಗಲ್ಲಿ ಬಿಟ್ಟು ಆಫ್ ಮಾಡಿ. ಟರ್ಬೋದ ಬೇರಿಂಗಿಗೆ ಆಯಿಲ್ ಹರಿದು ತಣ್ಣಗಾಗಬೇಕು. ಅಷ್ಟಕ್ಕೆ ಖರ್ಚಾಗೋದು ಹತ್ತು ಹದಿನೈದು ಎಂ.ಎಲ್., ಅದನ್ನು ಉಳಿಸಲು ಹೋಗಬೇಡಿ.

ಅರಬೈಲಲ್ಲಿ ಲಾರಿ ಸಾಲು ಸಿಕ್ಕರೆ ಬಂಪರಿಗೆ ಅಂಟಿಕೊಂಡು ಹೋಗೋದು ಅತಿ ದುಬಾರಿ ಕೆಲಸ. ಲಾರಿ ನಿಂತಾಗ ನಿಲ್ಲಬೇಕು, ಹೊರಟಾಗ ಅರ್ಧ ಕ್ಲಚ್ಚಲ್ಲಿ ಏಳಿಸಬೇಕು. ನಲವತ್ತು ಐವತ್ತು ಮೀಟರ್ ಬಿಟ್ಟು, ಎರಡನೇ ಗೇರಲ್ಲಿ ಒಂದೇ ಸಮನೆ ಉರುಳುತ್ತಾ ಬನ್ನಿ. ಲಾರಿಯ ವೇಗ ಏರಿಳಿದರೂ ನಿಮ್ಮದು ಏರಿಳಿಯಲ್ಲ. ಓವರ್‌ಟೇಕ್ ಮಾಡಲು ದೂರದವರೆಗೆ ಕಾಣಿಸುವುದೂ ಆ ಅಂತರದಿಂದಲೇ.

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗೆ ಇನ್ನೊಂದು ಮಾತು. ಸೈಲೆನ್ಸರ್ ಲೈನಿನ ಡಿಪಿಎಫ್ ಅನ್ನೋ ಫಿಲ್ಟರ್ ಹೊಗೆಯ ಮಸಿಯನ್ನು ಹಿಡಿದಿಡುತ್ತೆ, ತುಂಬಿದಾಗ ಹೆಚ್ಚು ಡೀಸೆಲ್ ಕೊಟ್ಟು ಅದನ್ನು ಸುಡುತ್ತೆ. ಆ ಹೊತ್ತಿಗೆ ಮೈಲೇಜ್ ಕುಸಿಯೋದು ಸಹಜ. ಊರೊಳಗೆ ಬರೀ ಮೂರು ನಾಲ್ಕು ಕಿ.ಮೀ. ಓಡಿಸಿ ಆಫ್ ಮಾಡುತ್ತಿದ್ದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ, ಮತ್ತೆ ನಿಲ್ಲುತ್ತೆ. ಎಣ್ಣೆ ವ್ಯರ್ಥ, ಎಂಜಿನ್ ಆಯಿಲಿಗೂ ಡೀಸೆಲ್ ಸೇರುತ್ತೆ. ಡಿಪಿಎಫ್ ದೀಪ ಹತ್ತಿದರೆ ಹೆದ್ದಾರಿಗೆ ತೆಗೆದುಕೊಂಡು ಹೋಗಿ 2000 ಆರ್‌ಪಿಎಂ ಸುಮಾರಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ.

ಬೇಲೆಕೇರಿ 66

ಘಟ್ಟದ ಮಾತೇ ಆಯ್ತು. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಮೈಲೇಜ್ ಕಳೆಯೋದು ಎರಡೇ ಕಡೆ: ವೇಗ ಮತ್ತು ಹಂಪು–ಬ್ಯಾರಿಕೇಡು.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಮೇಲಿನ ಗಾಡಿಗೇ ಹೇಳೋದಾದರೆ 80ರಲ್ಲಿ ಗಾಳಿಯ ತಡೆ 190 ನ್ಯೂಟನ್, 100ರಲ್ಲಿ 300. ಟಯರಿನ ತಡೆ ಎರಡರಲ್ಲೂ 110ರ ಹತ್ತಿರ. ಒಟ್ಟು 300 ಇದ್ದದ್ದು 410 ಆಯ್ತು. ಆ ದಾರಿಯ 90 ಕಿ.ಮೀ.ಗೆ 80ರ ಬದಲು 100ರಲ್ಲಿ ಹೋದರೆ ಉಳಿಯೋದು ಹದಿಮೂರು ನಿಮಿಷ, ಅದೂ ದಾರಿಯುದ್ದಕ್ಕೂ ಒಂದೇ ವೇಗ ಸಿಕ್ಕರೆ. ಅಂಕೋಲಾ, ಕುಮಟಾ, ಹೊನ್ನಾವರ ಪೇಟೆ ದಾಟುವಾಗ ಅದು ಯಾರಿಗೂ ಸಿಗಲ್ಲ. ಖಾಲಿ ಹೆದ್ದಾರಿಯಲ್ಲಿ ಐದನೇ ಗೇರು, 70–80. ಅದಕ್ಕಿಂತ ಕೆಳಗಿಳಿದು ಐವತ್ತಕ್ಕೆ ಓಡಿಸಿ ಹಿಂದಿನವರಿಗೆ ತೊಂದರೆ ಕೊಡುವ ಅಗತ್ಯ ಇಲ್ಲ.

ಹಂಪು–ಬ್ಯಾರಿಕೇಡಿನ ಲೆಕ್ಕ ಇನ್ನೂ ಸ್ವಾರಸ್ಯ. 80ರಲ್ಲಿ ಓಡುವ 1100 ಕಿಲೋ ಗಾಡಿಯ ಚಲನೆಯಲ್ಲಿ 270 ಕಿಲೋಜೂಲ್ ಇದೆ. ಪೂರ್ತಿ ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತರಲು 32 ಎಂ.ಎಲ್. ಪೆಟ್ರೋಲ್. 60ರಿಂದ ಆದರೆ 18. ಹಂಪು ದಾಟಲು ಅರವತ್ತರಿಂದ ಹದಿನೈದಕ್ಕೆ ಇಳಿಸಿದರೆ 17. ಇಪ್ಪತ್ತು ಹಂಪು, ಬ್ಯಾರಿಕೇಡು ದಾಟಿದರೆ ಲೀಟರಿನ ಮೂರನೇ ಒಂದು ಭಾಗ ಬ್ರೇಕಿಗೇ ಹೋಯ್ತು.

ತಪ್ಪಿಸೋದು ಹೇಗೆ ಅಂದರೆ, ಹಂಪಿನ ಬೋರ್ಡ್ ಕಂಡಲ್ಲೇ ಕಾಲು ತೆಗೆಯೋದು. ನೂರೈವತ್ತು ಇನ್ನೂರು ಮೀಟರ್ ದೂರದಿಂದ ಗೇರಲ್ಲೇ ಉರುಳಿ ಬನ್ನಿ. ಇಂಜೆಕ್ಟರ್ ಬಂದ್, ಅಷ್ಟು ದೂರ ಪುಕ್ಕಟೆ. ಕೊನೆಯ ಇಪ್ಪತ್ತು ಮೀಟರಲ್ಲಿ ಮಾತ್ರ ಬ್ರೇಕ್. ಹಂಪು ದಾಟುವಾಗ ಎರಡನೇ ಗೇರು, ದಾಟಿದ ಮೇಲೆ ಚುರುಕಾಗಿಯೇ ವೇಗ ಏರಿಸಿ, 2000–2500ಕ್ಕೆ ಗೇರ್ ಬದಲಿಸುತ್ತಾ ನಾಲ್ಕು–ಐದಕ್ಕೆ ಬನ್ನಿ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಬೇಕು ಅನ್ನೋದು ಅರ್ಧ ಸತ್ಯ. ತೀರಾ ನಿಧಾನಕ್ಕೆ ಏರಿಸಿದರೆ ಕೆಳಗಿನ ಗೇರಲ್ಲೇ ಹೆಚ್ಚು ದೂರ ಹೋಗುತ್ತೀರಿ.

ಬಸ್ಸು ಲಾರಿಯ ಬೆನ್ನಿಗೆ ಬಿದ್ದು ಗಾಳಿ ತಪ್ಪಿಸಿಕೊಂಡು ಮೈಲೇಜ್ ತೆಗೆಯುವ ಉಪಾಯ ಕೆಲವರು ಹೇಳ್ತಾರೆ. ಮುಂದೆ ಏನಿದೆ ಕಾಣಲ್ಲ, ದನ ಅಡ್ಡ ಬಂದು ಲಾರಿ ಬ್ರೇಕ್ ಹೊಡೆದರೆ ನಿಲ್ಲಲು ಜಾಗ ಇಲ್ಲ. ಮೂರು ಸೆಕೆಂಡಿನ ಅಂತರ ಬಿಡಲೇಬೇಕು.

ಕಡಲತಡಿ ಕುಮಟಾ

ಹವಾ ಎಷ್ಟು ಇಡಬೇಕು? ಪಂಕ್ಚರ್ ಅಂಗಡಿಯವರು 35 ಹೊಡೀತಾರೆ, ಡೋರಿನ ಸ್ಟಿಕ್ಕರಲ್ಲಿ 33 ಇದೆ. ಎಸಿ ವಿಷಯಾನೂ ಹೇಳಿ.

ಸ್ಪ್ಯಾನರ್ ಹೊನ್ನಾವರ

ಸ್ಟಿಕ್ಕರಿನ ಅಂಕೆ ತಣ್ಣಗಿನ ಟಯರಿಗೆ. ಬಿಸಿಲಲ್ಲಿ ಓಡಿಸಿಕೊಂಡು ಬಂದು ನೋಡಿದರೆ ಮೂರು ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತೆ. ಅದನ್ನು ನೋಡಿ 33ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ 29 ಇರುತ್ತೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ, ಅಂಗಡಿ ಒಂದೆರಡು ಕಿ.ಮೀ. ಒಳಗಿದ್ದರೆ ಸಾಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಗಮನಿಸಬೇಕಾದ್ದು ಎತ್ತರ ಮತ್ತು ಚಳಿ. ಕುಮಟಾದಿಂದ ಶಿರಸಿಗೆ ಹೋದರೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಗೇಜ್ ಒಂದು ಪಿಎಸ್‌ಐ ಹೆಚ್ಚು ತೋರಿಸುತ್ತೆ. ಆದರೆ ಕರಾವಳಿಯ ಮಧ್ಯಾಹ್ನದ 33 ಡಿಗ್ರಿಯಲ್ಲಿ ತುಂಬಿಸಿದ ಟಯರು ಶಿರಸಿಯ ಡಿಸೆಂಬರ್ ಬೆಳಗಿನ 16 ಡಿಗ್ರಿಗೆ ಎರಡೂವರೆ ಪಿಎಸ್‌ಐ ಕಳೆದುಕೊಳ್ಳುತ್ತೆ. ಕೂಡಿ ಕಳೆದರೆ ಒಂದೂವರೆ ಕಮ್ಮಿ. ಚಳಿಗಾಲದಲ್ಲಿ ಘಟ್ಟದ ಮೇಲೆ ಉಳಿಯುವವರು ಅಲ್ಲೇ ಒಮ್ಮೆ ನೋಡಿಸಿ.

ನಿಜ ಹೇಳಬೇಕಂದರೆ ಹವಾದಿಂದ ಮೈಲೇಜ್ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ, ನಾಲ್ಕೂ ಟಯರಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಶೇಕಡಾ 0.2ರ ಆಸುಪಾಸು. ಏಳು ಪಿಎಸ್‌ಐ ಕಮ್ಮಿ ಇದ್ದರೆ ಒಂದೂವರೆ ಶೇಕಡಾ. ಆದರೆ ಟಯರಿನ ಅಂಚು ಸವೆಯೋದು, ಮಳೆಯಲ್ಲಿ ಜಾರೋದು ಅದರಿಂದಲೇ. ಸ್ಟಿಕ್ಕರಿಗಿಂತ ಒಂದೆರಡು ಹೆಚ್ಚಿಟ್ಟರೆ ಪರವಾಗಿಲ್ಲ. ನಲವತ್ತಕ್ಕೆ ಏರಿಸಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹೋಗುತ್ತೆ.

ಮಾವಿನಗುಂಡಿ

ಎಸಿಗೆ ನನ್ನ ಅಭಿಪ್ರಾಯ: ಪೇಟೆಯೊಳಗೆ, ಐವತ್ತರ ಕೆಳಗೆ ಕಿಟಕಿ ತೆರೆದರೆ ಲಾಭ. ಹೆದ್ದಾರಿಯ ಎಂಬತ್ತಕ್ಕೆ ಕಿಟಕಿ ಮುಚ್ಚಿ ಎಸಿ ಹಾಕಿದರೇ ಸರಿ. ಬಿಸಿಲಲ್ಲಿ ನಿಂತ ಗಾಡಿಯಾದರೆ ಮೊದಲ ಎರಡು ನಿಮಿಷ ಕಿಟಕಿ ಇಳಿಸಿ ಬಿಸಿ ಗಾಳಿ ಹೊರಹಾಕಿ, ಆಮೇಲೆ ಎಸಿ, ಒಳಗಾಳಿಯ ಬಟನ್ ಒತ್ತಿ. ಕಡಿದಾದ ಏರಿನಲ್ಲಿ ಸಣ್ಣ ಎಂಜಿನ್ನಿಗೆ ಎಸಿ ನಿಜವಾಗಿಯೂ ಭಾರ, ಮೇಲೆ ತಂಪೂ ಇರುತ್ತೆ, ಆಫ್ ಮಾಡಿ.

ಮಳೆಗಾಲದಲ್ಲಿ ಮಾತ್ರ ಮೈಲೇಜ್ ಮರೆತುಬಿಡಿ. ಗೇರುಸೊಪ್ಪೆ ಘಟ್ಟದ ಮಂಜಲ್ಲಿ ಗಾಜಿಗೆ ಆವಿ ಕೂತರೆ ಎಸಿ ಆನ್, ಹೊರಗಾಳಿ ಆನ್, ಗಾಳಿ ಗಾಜಿನ ಕಡೆಗೆ. ಒಳಗಾಳಿಯಲ್ಲೇ ಬಿಟ್ಟರೆ ಕೂತವರ ಉಸಿರಿನ ತೇವ ಹೊರಹೋಗದೆ ಆವಿ ಮತ್ತೆ ಕೂರುತ್ತೆ.

ಸ್ಪ್ಯಾನರ್ ಹೊನ್ನಾವರ

ಗಾಡಿಯ ಕಡೆಯಿಂದ ಮೈಲೇಜ್ ತಿನ್ನುವ, ಯಾರೂ ನೋಡದ ಸಂಗತಿ ಬ್ರೇಕ್ ಹಿಡಿದುಕೊಳ್ಳೋದು. ಉಪ್ಪುಗಾಳಿಗೆ ಕ್ಯಾಲಿಪರಿನ ಸ್ಲೈಡ್ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇರುತ್ತೆ. ಚಾಲಕನಿಗೆ ಗೊತ್ತಾಗಲ್ಲ, ಗಾಡಿ ಸ್ವಲ್ಪ ಭಾರ ಅನ್ನಿಸುತ್ತೆ ಅಷ್ಟೇ.

ಪರೀಕ್ಷೆ ಸುಲಭ. ಸಪಾಟು ಜಾಗ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ಜೋರಾಗಿ ತಿರುಗಿಸಿ. ಪ್ಯಾಡ್ ಸವರುವ ಸಣ್ಣ ಸದ್ದು ಇರಬೇಕಾದದ್ದೇ, ಒಂದು ಸುತ್ತಾದರೂ ಬರಬೇಕು. ಅರ್ಧ ಸುತ್ತಿಗೇ ಕಚ್ಚಿ ನಿಂತರೆ ಪಿನ್ ಬಿಚ್ಚಿ, ತುಕ್ಕು ತೆಗೆದು, ಸಿಲಿಕೋನ್ ಗ್ರೀಸ್ ಹಚ್ಚಿಸಿ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತಷ್ಟು ಬಿಗಿಯಾಗುತ್ತೆ, ಅದನ್ನು ಮೆಕ್ಯಾನಿಕ್ಕಿಗೆ ಹೇಳಿ. ಬಲ ಎಡ ಎರಡೂ ನೋಡಿ. ಒಂದು ಕಡೆಯ ರಿಮ್ಮು ಓಡಿ ಬಂದ ಮೇಲೆ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೂ ಇದೇ ಕಾರಣ.

ಇನ್ನೊಂದು ಥರ್ಮೋಸ್ಟಾಟ್, ಎಂಜಿನ್ನಿನ ಬಿಸಿ ಹದದಲ್ಲಿಡುವ ವಾಲ್ವ್. ತೆರೆದೇ ಉಳಿದುಹೋದರೆ ಎಂಜಿನ್ ಪೂರ್ತಿ ಬಿಸಿಯಾಗಲ್ಲ, ಇಸಿಯು ಇನ್ನೂ ತಣ್ಣಗಿದೆ ಅಂದುಕೊಂಡು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತೆ. ಈಗಿನ ಎಷ್ಟೋ ಗಾಡಿಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಹಾಗಾಗಿ ಒಬಿಡಿಯಲ್ಲಿ ನೋಡಬೇಕು. ಹೆದ್ದಾರಿಯಲ್ಲಿ ಕೂಲಂಟ್ 85–95 ಡಿಗ್ರಿ ಇರಬೇಕು, ಎಪ್ಪತ್ತರಲ್ಲೇ ಕೂತಿದ್ದರೆ ಬದಲಿಸಿ.

ಎಂಜಿನ್ ಆಯಿಲ್ ಗಾಡಿಯ ಪುಸ್ತಕದಲ್ಲಿ 0ಡಬ್ಲ್ಯು-20 (ತೆಳು ದರ್ಜೆ) ಅಂತ ಇದ್ದರೆ ಅದನ್ನೇ ಹಾಕಿ. ‘ಗಟ್ಟಿ ಆಯಿಲ್ ಒಳ್ಳೇದು’ ಅಂತ 20ಡಬ್ಲ್ಯು-50 ಸುರಿದರೆ ಪಂಪಿನಿಂದ ಹಿಡಿದು ಪಿಸ್ಟನ್ನಿನವರೆಗೆ ಎಲ್ಲವೂ ಅಂಟಂಟಾಗಿ ತಿರುಗುತ್ತೆ. ಏರ್ ಫಿಲ್ಟರಿನ ಬಗ್ಗೆ ಹೆದರಿಸುವವರು ಜಾಸ್ತಿ. ಕೆಮ್ಮಣ್ಣಿನ ಧೂಳು ನಮ್ಮಲ್ಲಿ ಬೇಗ ತುಂಬುತ್ತೆ ನಿಜ. ಆದರೆ ಇಂಜೆಕ್ಷನ್ ಗಾಡಿ ಒಳಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುವುದರಿಂದ ಮೊದಲು ಬೀಳೋದು ಪಿಕಪ್, ಮೈಲೇಜಲ್ಲ. ಪಿಕಪ್ಪಿಗಾಗಿಯೇ ಬದಲಿಸಿ.

ಬೇಲೆಕೇರಿ 66

ಟಾಪ್ ಕ್ಯಾರಿಯರ್ ಮಾತು ಬಿಟ್ಟುಹೋಯ್ತು. ಸುಗ್ಗಿಯಲ್ಲಿ ಅಡಿಕೆ ಚೀಲ ಹೇರಲು ಹಾಕಿಸಿದ ಕ್ಯಾರಿಯರ್ ವರ್ಷವಿಡೀ ತಲೆ ಮೇಲೆ ಇರುತ್ತೆ. ಖಾಲಿ ಇದ್ದರೂ ಎಂಬತ್ತರ ವೇಗಕ್ಕೆ ಗಾಳಿ ಸೀಳುವ ಸದ್ದು ಕೇಳುತ್ತಲ್ಲ, ಆ ಸದ್ದು ಮಾಡುವ ಶಕ್ತಿಯೂ ಟ್ಯಾಂಕಿನಿಂದಲೇ ಬರೋದು. ಬಿಚ್ಚಿಡಿ. ಡಿಕ್ಕಿಯ ಭಾರದ ಲೆಕ್ಕ ಸಪಾಟಲ್ಲಿ ಅಷ್ಟಿಲ್ಲ, ಘಟ್ಟಕ್ಕೆ ಇದೆ: ನೂರು ಕಿಲೋ ಹೆಚ್ಚಿದ್ದರೆ ಕುಮಟಾದಿಂದ ಶಿರಸಿಗೆ ಏರಲು 70 ಎಂ.ಎಲ್. ಹೆಚ್ಚು.

ಯಲ್ಲಾಪುರ ಡೀಸೆಲ್

ಇ20 (ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ ಪೆಟ್ರೋಲ್ ಗಾಡಿಯವರೆಲ್ಲ ಮೈಲೇಜ್ ಬಿತ್ತು ಅನ್ನುತ್ತಿದ್ದಾರೆ. ಅದೆಷ್ಟು ನಿಜ?

ಘಟ್ಟದ ಗೇರ್

ಪೆಟ್ರೋಲಿನಲ್ಲಿ ಲೀಟರಿಗೆ 32 ಮೆಗಾಜೂಲ್, ಎಥನಾಲಿನಲ್ಲಿ 21. ಹತ್ತು ಶೇಕಡಾ ಬೆರೆತದ್ದಕ್ಕೆ ಸುಮಾರು 31, ಇಪ್ಪತ್ತು ಬೆರೆತದ್ದಕ್ಕೆ 30ಕ್ಕಿಂತ ಚೂರು ಕಮ್ಮಿ. ಅಂದರೆ ಇ10ರಿಂದ ಇ20ಗೆ ಬಂದಾಗ ಶಕ್ತಿಯಲ್ಲೇ ಮೂರೂವರೆ ಶೇಕಡಾ ಇಳಿಕೆ. ಲೀಟರಿಗೆ 18 ಕೊಡುತ್ತಿದ್ದ ಗಾಡಿಯಲ್ಲಿ ಅರ್ಧ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದನ್ನು ಚಾಲನೆಯಿಂದ ಹಿಂದೆ ತರಬಹುದು. ಮೂರು ನಾಲ್ಕು ಕಿ.ಮೀ. ಬಿದ್ದಿದ್ದರೆ ಇ20 ಮೇಲೆ ಹಾಕಬೇಡಿ, ಮೇಲೆ ಸ್ಪ್ಯಾನರ್ ಅವರು ಹೇಳಿದ್ದನ್ನೆಲ್ಲ ನೋಡಿಸಿ. ಎಥನಾಲ್ ನೀರು ಹೀರುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಇರಬಾರದು.

ಕಂಪನಿಯ 22ರ ಬಗ್ಗೆಯೂ ಒಂದು ಮಾತು. ಆ ಅಂಕೆ ಬರೋದು ಪ್ರಯೋಗಾಲಯದ ರೋಲರ್ ಮೇಲೆ. ಘಟ್ಟ, ಹಂಪು, ಎದುರು ಗಾಳಿ ಯಾವುದೂ ಅಲ್ಲಿಲ್ಲ, ವೇಗ ತೊಂಬತ್ತು ದಾಟಲ್ಲ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಬೇಕು, ದೇವಿಮನೆಗೆ ಅನ್ವಯಿಸಲು ಅಲ್ಲ.

ಕೈಗಾ ರೋಡ್

ಎಎಂಟಿ (ಮ್ಯಾನುವಲ್ ಗೇರನ್ನೇ ತಾನಾಗಿ ಬದಲಿಸುವ) ಗಾಡಿಗೆ ಇದೆಲ್ಲ ಹೇಗೆ? ಅಣಶಿ ಘಟ್ಟದಲ್ಲಿ ಎರಡು–ಮೂರು, ಮೂರು–ಎರಡು ಅಂತ ಗೇರ್ ಬದಲಿಸುತ್ತಲೇ ಇರುತ್ತೆ.

ಘಟ್ಟದ ಗೇರ್

ಏರಿನಲ್ಲಿ ಲಿವರನ್ನು ಮ್ಯಾನುವಲ್ ಕಡೆ ತಳ್ಳಿ, ಎರಡೋ ಮೂರೋ ನೀವೇ ಹಿಡಿದಿಡಿ. ಡಿ ಮೋಡಲ್ಲಿ ಅದಕ್ಕೆ ಮುಂದಿನ ತಿರುವು ಕಾಣಲ್ಲ, ವೇಗ ಬಿದ್ದ ಮೇಲಷ್ಟೇ ಗೇರ್ ಇಳಿಸುತ್ತೆ. ಇಳಿಯುವಾಗಲೂ ಮ್ಯಾನುವಲ್, ಎರಡು ಇಲ್ಲವೇ ಮೂರು. ಸಪಾಟಲ್ಲಿ ಡಿ ಸಾಕು. ಅಲ್ಲಿ ಬೇಗ ಮೇಲಿನ ಗೇರ್ ಬೇಕಿದ್ದರೆ ಕಾಲನ್ನು ಒಂದು ಕ್ಷಣ ಸಡಿಲಿಸಿ, ಅದು ತಾನೇ ಬದಲಿಸುತ್ತೆ. ಏರಿನಲ್ಲಿ ನಿಂತಾಗ ಎಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸಬೇಡಿ. ಒಳಗಿರೋದು ಮಾಮೂಲಿ ಕ್ಲಚ್ ಪ್ಲೇಟೇ, ಸುಟ್ಟ ವಾಸನೆ ಬರುತ್ತೆ. ಹ್ಯಾಂಡ್‌ಬ್ರೇಕ್ ಹಾಕಿ. ಸಿವಿಟಿ (ಬೆಲ್ಟಿನ ಆಟೊಮ್ಯಾಟಿಕ್) ಆದರೆ ಇಳಿಯಲು ಲಿವರನ್ನು ಎಲ್ ಅಥವಾ ಎಸ್‌ಗೆ ಹಾಕಿ.

ಕಡಲತಡಿ ಕುಮಟಾ

ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ, ವ್ಯತ್ಯಾಸ ಆಯ್ತೋ ಇಲ್ಲವೋ ಅಳೆಯೋದು ಹೇಗೆ? ಗಾಡಿಯ ಮೀಟರ್ ನಂಬಬಹುದಾ?

ಬೇಲೆಕೇರಿ 66

ಗಾಡಿಯ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತೆ. ನಿನ್ನೆಗೂ ಇವತ್ತಿಗೂ ಹೋಲಿಸಲು ಸಾಕು, ಲೆಕ್ಕಕ್ಕೆ ಸಾಲದು. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯಿರಿ. ಒಂದು ಬಂಕಲ್ಲಿ ನಾಜಲ್ ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕ್, ಸಾಧ್ಯವಾದರೆ ಅದೇ ನಾಜಲ್, ಗಾಡಿ ಅದೇ ದಿಕ್ಕಿಗೆ, ಮತ್ತೆ ಮೊದಲ ಕಟ್‌ಗೆ ನಿಲ್ಲಿಸಿ. ಕಿ.ಮೀ.ಯನ್ನು ಲೀಟರಿನಿಂದ ಭಾಗಿಸಿ. ರೌಂಡ್ ಫಿಗರ್ ಮಾಡಲು ಮೇಲಿಂದ ಹನಿ ಹನಿ ಹಾಕಿಸಿದರೆ ಲೆಕ್ಕವೂ ಕೆಡುತ್ತೆ, ಆವಿ ಹಿಡಿಯುವ ಇದ್ದಿಲಿನ ಡಬ್ಬಕ್ಕೆ ಪೆಟ್ರೋಲ್ ನುಗ್ಗಿ ಅದೂ ಕೆಡುತ್ತೆ.

ಹತ್ತು ಲೀಟರಿಗೇ ಅಳೆದರೆ ನಾಜಲ್ ಒಂದು ಲೀಟರ್ ಹಿಂದೆ ಮುಂದೆ ಕಟ್ ಆದರೂ ಶೇಕಡಾ ಹತ್ತು ತಪ್ಪು. ಮೂವತ್ತು ಲೀಟರಿಗೆ ಅಳೆದರೆ ಮೂರು ಶೇಕಡಾ ಅಷ್ಟೇ. ಹತ್ತಿದ್ದು ಇಳಿದದ್ದು ಸಮ ಇರಬೇಕು, ಅಂದರೆ ಕುಮಟಾದಲ್ಲಿ ಶುರು ಮಾಡಿದರೆ ಕುಮಟಾದಲ್ಲೇ ಮುಗಿಸಬೇಕು. ಶಿರಸಿಯಲ್ಲಿ ತುಂಬಿಸಿ ಕುಮಟಾದಲ್ಲಿ ಅಳೆದು 25 ಬಂತು ಅಂತ ಇಲ್ಲಿ ಹಾಕುವವರು ವರ್ಷಕ್ಕೆ ಹತ್ತು ಜನ ಇದ್ದಾರೆ.

ಸ್ಪ್ಯಾನರ್ ಹೊನ್ನಾವರ

ಮಳೆಗಾಲ ಹತ್ತಿರ ಇರೋದರಿಂದ ಒಂದು ಸೇರಿಸುತ್ತೇನೆ. ನಾಲ್ಕು ದಿನ ಗಾಡಿ ನಿಲ್ಲಿಸುವುದಿದ್ದರೆ ಒದ್ದೆ ಬ್ರೇಕಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಹಿಂದಿನ ಶೂ ಡ್ರಮ್ಮಿಗೆ ತುಕ್ಕಲ್ಲಿ ಅಂಟಿಕೊಳ್ಳುತ್ತೆ, ಬಿಟ್ಟ ಮೇಲೂ ಸವರುತ್ತಲೇ ಇರುತ್ತೆ. ಸಪಾಟು ಜಾಗದಲ್ಲಿ ಒಂದನೇ ಗೇರ್ ಹಾಕಿ, ಚಕ್ರದ ಎರಡೂ ಬದಿಗೆ ಕಲ್ಲು ಕೊಟ್ಟು ಬಿಡಿ.